ಅಂಕಿಗಳಲ್ಲಿ ಹುಡುಕಬೇಡಿ, ಶೇಷಗಳಲ್ಲಿ ಹುಡುಕಿ

ಪ್ರಶ್ನೆ: ಭಾಗಲಬ್ಧ ಸಂಖ್ಯೆಯನ್ನು, ಅಂದರೆ ಪೂರ್ಣಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆಯನ್ನು, ದಶಮಾಂಶ ರೂಪದಲ್ಲಿ ಬರೆದರೆ ಅದು ಎಲ್ಲೋ ಮುಗಿಯುತ್ತದೆ, ಇಲ್ಲವೇ ಅಂಕಿಗಳ ಒಂದು ಗುಂಪು ಮತ್ತೆ ಮತ್ತೆ ಬರುತ್ತದೆ, ಅಭಾಗಲಬ್ಧ ಸಂಖ್ಯೆಯಲ್ಲಿ ಇವೆರಡೂ ಆಗುವುದಿಲ್ಲ ಎಂದು ಮಗಳ ಪಠ್ಯಪುಸ್ತಕದಲ್ಲಿದೆ. ಆದರೆ ಕ್ಯಾಲ್ಕುಲೇಟರ್‌ನಲ್ಲಿ 1ನ್ನು 17ರಿಂದ ಭಾಗಿಸಿದರೆ 0.0588235294 ಎಂದು ಬರುತ್ತದೆ. 2ರ ವರ್ಗಮೂಲ 1.414213562 ಎಂದು ಬರುತ್ತದೆ. ಎರಡರಲ್ಲೂ ಆವರ್ತ ಕಾಣುವುದಿಲ್ಲ. ಇನ್ನೊಂದು ಕಡೆ ‘ಇ’ ಎಂಬ ಸ್ಥಿರಾಂಕ 2.718281828, ಇದರಲ್ಲಿ 1828 ಎರಡು ಸಲ ಬಂದರೂ ಇದನ್ನು ಅಭಾಗಲಬ್ಧ ಎನ್ನುತ್ತಾರೆ. ಹಾಗಾದರೆ ಗುರುತಿಸುವುದು ಹೇಗೆ? √2ರಲ್ಲಿ ಕೋಟಿ ಅಂಕಿಗಳಾದ ಮೇಲೆ ಆವರ್ತ ಆರಂಭವಾಗಬಾರದೇಕೆ? ಪೈ ಬೆಲೆ 22/7 ಎಂದು ಬರೆಸಿ ಮತ್ತೆ ಅದನ್ನೇ ಅಭಾಗಲಬ್ಧ ಎನ್ನುವುದು ಹೇಗೆ ಸರಿ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಪಠ್ಯಪುಸ್ತಕದ ಆ ವಾಕ್ಯ ನಿಜ, ಆದರೆ ಅದು ಕಣ್ಣಿನಿಂದ ನೋಡಿ ಪರೀಕ್ಷಿಸುವ ವಿಧಾನವಲ್ಲ. ಕ್ಯಾಲ್ಕುಲೇಟರ್ ತೋರಿಸುವ ಹತ್ತು ಅಂಕಿಗಳಿಂದ, ಅಷ್ಟೇ ಏಕೆ, ಹತ್ತು ಕೋಟಿ ಅಂಕಿಗಳಿಂದಲೂ ಒಂದು ಸಂಖ್ಯೆ ಯಾವ ಬಗೆಯದೆಂದು ತೀರ್ಮಾನಿಸಲಾಗದು. 2.718281828 ಎಂಬಲ್ಲಿಗೇ ನಿಲ್ಲಿಸಿದರೆ ಅದು ನೂರು ಕೋಟಿ ಛೇದವಿರುವ ಒಂದು ಭಿನ್ನರಾಶಿ. 1828ನ್ನೇ ಕೊನೆಯಿಲ್ಲದೆ ಮುಂದುವರಿಸಿದರೆ ಇನ್ನೊಂದು ಭಿನ್ನರಾಶಿ. ನಿಜವಾದ ‘ಇ’ ಮುಂದುವರಿಯುವುದು 459045 ಎಂದು, ಅದು ಅಭಾಗಲಬ್ಧ. ಮೂರು ಬೇರೆ ಬೇರೆ ಸಂಖ್ಯೆಗಳಿಗೆ ಆರಂಭದ ಅಂಕಿಗಳೆಲ್ಲ ಒಂದೇ. ಅಂಕಿಗಳ ಸಾಲು ಎಷ್ಟೇ ಉದ್ದವಿರಲಿ, ಅದರ ಬಾಲಕ್ಕೆ ನಮಗೆ ಬೇಕಾದದ್ದನ್ನು ಜೋಡಿಸಬಹುದು. ಹಾಗಾಗಿ ತೀರ್ಪು ಬೇರೆಡೆಯಿಂದ ಬರಬೇಕು. ಭಿನ್ನರಾಶಿಯ ವಿಷಯದಲ್ಲಿ ಅದು ಬರುವುದು ಭಾಗಾಕಾರದ ಶೇಷಗಳಿಂದ.

ಒಂದು ಹಾಳೆಯ ಮೇಲೆ 1ನ್ನು 17ರಿಂದ ದೀರ್ಘ ಭಾಗಾಕಾರ ಮಾಡಿ ನೋಡಿ. ಮೇಲೆ ಬರುವ ಅಂಕಿಗಳನ್ನು ಬಿಟ್ಟು, ಪ್ರತಿ ಹಂತದಲ್ಲಿ ಕೆಳಗೆ ಉಳಿಯುವ ಶೇಷವನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತಾ ಹೋಗಿ. 1ಕ್ಕೆ ಸೊನ್ನೆ ಸೇರಿಸಿದರೆ 10. ಅದರಲ್ಲಿ 17 ಹೋಗುವುದಿಲ್ಲ, ಅಂಕಿ 0, ಶೇಷ 10. ಮುಂದೆ 100, 17 ಐದು ಸಲ, ಶೇಷ 15. ಮುಂದೆ 150, ಎಂಟು ಸಲ, ಶೇಷ 14. ಮುಂದೆ 140, ಮತ್ತೆ ಎಂಟು ಸಲ, ಶೇಷ 4. ಇಲ್ಲಿ ಸ್ವಲ್ಪ ನಿಲ್ಲಿ. 8 ಎಂಬ ಅಂಕಿ ಎರಡು ಸಲ ಬಂದಿತು, ಆದರೆ ಅದರಿಂದ ಏನೂ ಆಗಲಿಲ್ಲ, ಏಕೆಂದರೆ ಮೊದಲ 8ರ ಕೆಳಗಿನ ಶೇಷ 14, ಎರಡನೆಯದರ ಕೆಳಗಿನ ಶೇಷ 4. ಮುಂದಿನ ದಾರಿಯನ್ನು ನಿರ್ಧರಿಸುವುದು ಶೇಷ. ಬಂದ ಅಂಕಿಗೆ ಅಲ್ಲಿ ಯಾವ ಅಧಿಕಾರವೂ ಇಲ್ಲ. ಅಂಕಿ ಮರಳಿ ಬಂದರೆ ಅದಕ್ಕೆ ಅರ್ಥವಿಲ್ಲ, ಶೇಷ ಮರಳಿ ಬಂದರೆ ಅಲ್ಲಿಂದ ಮುಂದಿನದೆಲ್ಲ ಮರಳಿ ಬರಲೇಬೇಕು.

17ರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು 0ಯಿಂದ 16ರವರೆಗೆ ಮಾತ್ರ. 0 ಉಳಿದರೆ ಭಾಗಾಕಾರ ಮುಗಿಯಿತು. ಉಳಿಯದಿದ್ದರೆ ಹದಿನಾರೇ ಆಯ್ಕೆಗಳು. ಆದ್ದರಿಂದ ಹದಿನೇಳನೆಯ ಹಂತ ದಾಟುವ ಮೊದಲೇ ಹಳೆಯ ಶೇಷವೊಂದು ಮತ್ತೆ ಕಾಣಿಸಿಕೊಳ್ಳಲೇಬೇಕು. ಯಾವ ಭಿನ್ನರಾಶಿಯೂ ಈ ಬಲೆಯಿಂದ ತಪ್ಪಿಸಿಕೊಳ್ಳಲಾರದು: ಆವರ್ತದ ಉದ್ದ ಛೇದಕ್ಕಿಂತ ಕಡಿಮೆಯೇ ಇರುತ್ತದೆ. 1/17ರ ಆವರ್ತದಲ್ಲಿ ಹದಿನಾರು ಅಂಕಿಗಳಿವೆ, ನಿಮ್ಮ ಕ್ಯಾಲ್ಕುಲೇಟರ್ ತೋರಿಸಿದ್ದು ಹತ್ತೇ ಸ್ಥಾನ. ಆವರ್ತ ಇಲ್ಲವೆಂದಲ್ಲ, ಪರದೆ ಚಿಕ್ಕದಾಯಿತು.

ಆ ಚಿಕ್ಕ ಪರದೆಯಿಂದಲೇ ಪೂರ್ತಿ ಆವರ್ತವನ್ನು ಬರೆಯಬಹುದೆಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಭಾಗಾಕಾರವನ್ನು ಎಂಟು ಹಂತ ಮುಂದುವರಿಸಿ. ಶೇಷಗಳು 10, 15, 14, 4, 6, 9, 5, 16. ಎಂಟನೆಯ ಶೇಷ 16, ಅಂದರೆ 17ಕ್ಕೆ ಒಂದು ಕಡಿಮೆ. ನಾವು ಹೊರಟದ್ದು 1ರಿಂದ. ಈಗ ಕೈಯಲ್ಲಿರುವುದು 17ರಿಂದ 1 ಕಳೆದದ್ದು. ಹಾಗಾಗಿ ಮುಂದಿನ ಪ್ರತಿ ಶೇಷವೂ 17ರಿಂದ ಹಿಂದಿನ ಸಾಲಿನ ಶೇಷವನ್ನು ಕಳೆದದ್ದೇ ಆಗುತ್ತದೆ, ಪ್ರತಿ ಅಂಕಿಯೂ 9ರಿಂದ ಹಿಂದಿನ ಸಾಲಿನ ಅಂಕಿಯನ್ನು ಕಳೆದದ್ದಾಗುತ್ತದೆ. ಮೊದಲ ಎಂಟು ಅಂಕಿಗಳು 05882352. ಒಂದೊಂದನ್ನೂ 9ರಿಂದ ಕಳೆಯಿರಿ: 94117647. ಎರಡನ್ನೂ ಜೋಡಿಸಿದರೆ ಆವರ್ತ ಸಿದ್ಧ: 0588235294117647. 1/7ರಲ್ಲೂ ಇದೇ ನಡೆಯುತ್ತದೆ. 142857ರ ಎರಡು ಭಾಗಗಳಾದ 142 ಮತ್ತು 857 ಸೇರಿ 999. 1/19ರ ಮೊದಲ ಒಂಬತ್ತು ಅಂಕಿಗಳು 052631578, ಅಲ್ಲಿ ಶೇಷ 18. ಉಳಿದ ಒಂಬತ್ತನ್ನು ನಿಮ್ಮ ಮಗಳು ಭಾಗಾಕಾರವಿಲ್ಲದೆಯೇ ಬರೆಯಬಲ್ಲಳು.

2/7, 3/7 ಇತ್ಯಾದಿಗಳಲ್ಲಿ 142857 ಎಂಬ ಅದೇ ಅಂಕಿಗಳು ಸುತ್ತು ಬದಲಿಸಿ 285714, 428571 ಎಂದು ಬರುವುದಕ್ಕೂ ಶೇಷವೇ ಕಾರಣ. 1/7ರ ಶೇಷಗಳು 1, 3, 2, 6, 4, 5 ಎಂಬ ವರ್ತುಲದಲ್ಲಿ ಸುತ್ತುತ್ತವೆ. 3/7 ಎಂದರೆ ಅದೇ ವರ್ತುಲವನ್ನು 3ರಿಂದ ಹತ್ತುವುದು, ಅಷ್ಟೆ.

ಎಲ್ಲಿ ಮುಗಿಯುತ್ತದೆ, ಎಲ್ಲಿ ಮುಗಿಯುವುದಿಲ್ಲ ಎಂಬುದನ್ನು ಛೇದವೊಂದೇ ಹೇಳುತ್ತದೆ. ಮುಗಿಯುವ ದಶಮಾಂಶವೆಂದರೆ ಛೇದ 10, 100, 1000 ಇಂಥದ್ದಾಗಿರುವ ಭಿನ್ನರಾಶಿ. 10ರಲ್ಲಿ ಇರುವ ಅವಿಭಾಜ್ಯಗಳು 2 ಮತ್ತು 5 ಮಾತ್ರ. ಆದ್ದರಿಂದ ಸಂಕ್ಷಿಪ್ತಗೊಳಿಸಿದ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5ನ್ನು ಬಿಟ್ಟು ಬೇರೆ ಅವಿಭಾಜ್ಯ ಇದ್ದರೆ ದಶಮಾಂಶ ಮುಗಿಯದು, ಇಲ್ಲದಿದ್ದರೆ ಮುಗಿದೇ ಮುಗಿಯುತ್ತದೆ. 3/80 ಎಂದರೆ 0.0375. ಸಂಕ್ಷಿಪ್ತಗೊಳಿಸುವುದನ್ನು ಮರೆತರೆ ಮೋಸ ಹೋಗುತ್ತೀರಿ: 6/15ರ ಛೇದದಲ್ಲಿ 3 ಇದೆ, ಆದರೂ ಅದು 2/5, ಅಂದರೆ 0.4. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಛೇದದಲ್ಲಿ ಎರಡೂ ಬಗೆಯ ಅವಿಭಾಜ್ಯಗಳು ಬೆರೆತಿದ್ದರೆ ಮೊದಲು ಕೆಲವು ಅಂಕಿಗಳು ಬಂದು, ಆಮೇಲೆ ಆವರ್ತ ಹಿಡಿಯುತ್ತದೆ. 56 ಎಂದರೆ 8 ಮತ್ತು 7ರ ಗುಣಲಬ್ಧ. 1/56ರಲ್ಲಿ ಮೊದಲ ಮೂರು ಸ್ಥಾನ 017, ನಂತರ 857142 ಸುತ್ತುತ್ತದೆ. ಆ ಮೂರು ಸ್ಥಾನಗಳು 8ರಲ್ಲಿರುವ ಮೂರು 2ಗಳಿಂದ, ಆರು ಅಂಕಿಗಳ ಸುತ್ತು 7ರಿಂದ.

ಆವರ್ತದ ಉದ್ದ ಎಷ್ಟು ಎಂಬುದು ಮಾತ್ರ ಇಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. 9, 99, 999, 9999 ಎಂಬ ಸಾಲಿನಲ್ಲಿ ನಿಮ್ಮ ಛೇದದಿಂದ (ಅದರಲ್ಲಿ 2, 5 ಇದ್ದರೆ ಅವನ್ನು ಭಾಗಿಸಿ ತೆಗೆದ ಮೇಲೆ) ಶೇಷವಿಲ್ಲದೆ ಭಾಗವಾಗುವ ಮೊದಲ ಸಂಖ್ಯೆಯನ್ನು ಹುಡುಕಿ. ಅದರಲ್ಲಿ ಎಷ್ಟು 9ಗಳಿವೆಯೋ ಅಷ್ಟು ಉದ್ದ. 999 ಎಂದರೆ 27 ಗುಣಿಸು 37. ಆದ್ದರಿಂದ 1/37 ಎಂದರೆ 0.027027027… 99999 ಎಂದರೆ 41 ಗುಣಿಸು 2439. ಆದ್ದರಿಂದ 1/41ರಲ್ಲಿ 02439 ಎಂಬ ಐದು ಅಂಕಿಗಳು ಸುತ್ತುತ್ತವೆ. ಛೇದ ಅವಿಭಾಜ್ಯವಾಗಿದ್ದರೆ (2 ಮತ್ತು 5 ಬಿಟ್ಟು) ಆವರ್ತದ ಉದ್ದ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯನ್ನು ಸರಿಯಾಗಿ ಭಾಗಿಸುತ್ತದೆ: 41ಕ್ಕೆ 5, ಅದು 40ರ ಅಪವರ್ತನ, 13ಕ್ಕೆ 6, ಅದು 12ರ ಅಪವರ್ತನ. 7, 17, 19, 23, 29, 47, 59, 61, 97 ಇವುಗಳಲ್ಲಿ ಉದ್ದ ಗರಿಷ್ಠ ಮಟ್ಟ ಮುಟ್ಟುತ್ತದೆ. 1/97ರ ಆವರ್ತದಲ್ಲಿ 96 ಅಂಕಿಗಳಿವೆ. ಗೌಸ್ 1801ರ ತಮ್ಮ ಸಂಖ್ಯಾ ಸಿದ್ಧಾಂತದ ಗ್ರಂಥದಲ್ಲಿ ಇಂಥ ಆವರ್ತಗಳ ಕೋಷ್ಟಕವನ್ನೇ ಕೊಟ್ಟಿದ್ದಾರೆ. ಹೀಗೆ ಗರಿಷ್ಠ ಉದ್ದ ಮುಟ್ಟುವ ಅವಿಭಾಜ್ಯಗಳು ಅನಂತವಾಗಿವೆಯೇ? ಇವೆ ಎಂದು ಎಮಿಲ್ ಆರ್ಟಿನ್ 1927ರಲ್ಲಿ ಮುಂದಿಟ್ಟ ಊಹೆ ಹೇಳುತ್ತದೆ, ಅದರ ಸಾಧನೆ, ಅಂದರೆ ತರ್ಕಬದ್ಧ ರುಜುವಾತು, ಇಂದಿಗೂ ಸಿಕ್ಕಿಲ್ಲ. ಪ್ರೌಢಶಾಲೆಯ ಭಾಗಾಕಾರದಿಂದ ಇಷ್ಟು ಹತ್ತಿರದಲ್ಲೇ ಗಣಿತದ ಗಡಿರೇಖೆ ಇದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಇನ್ನು ಎದುರು ದಿಕ್ಕಿನ ಮಾತು. ಭಿನ್ನರಾಶಿಯೆಂದರೆ ದಶಮಾಂಶ ಮುಗಿಯುತ್ತದೆ, ಇಲ್ಲವೇ ಆವರ್ತ ಇದ್ದೇ ಇರುತ್ತದೆ ಎಂದಾಯಿತು. ಆವರ್ತವಿದ್ದರೆ ಅದು ಭಿನ್ನರಾಶಿಯೇ ಎಂಬುದೂ ಅಷ್ಟೇ ಖಚಿತ. 0.272727…ನ್ನು 100ರಿಂದ ಗುಣಿಸಿದರೆ 27.272727… ಇದರಿಂದ ಮೂಲ ಸಂಖ್ಯೆಯನ್ನು ಕಳೆದರೆ ಬಾಲಗಳೆರಡೂ ಪೂರ್ತಿ ಅಳಿಸಿಹೋಗಿ 27 ಉಳಿಯುತ್ತದೆ. ಕಳೆದು ಉಳಿದದ್ದು ಮೂಲದ 99 ಪಟ್ಟು. ಹಾಗಾಗಿ ಮೂಲ ಸಂಖ್ಯೆ 27/99, ಅಂದರೆ 3/11. ‘ಇ’ಯಲ್ಲಿ ನೀವು ಕಂಡ 1828 ನಿಜವಾಗಿಯೂ ಸುತ್ತುತ್ತಾ ಹೋಗಿದ್ದರೆ ಇದೇ ರೀತಿಯಿಂದ ಅದು 271801/99990 ಆಗುತ್ತಿತ್ತು. ಇದೇ ಲೆಕ್ಕವನ್ನು 0.999…ಗೆ ಮಾಡಿದರೆ 9/9, ಅಂದರೆ 1 ಬರುತ್ತದೆ. ಅದು ಒಂದಕ್ಕೆ ಹತ್ತಿರವಿರುವ ಸಂಖ್ಯೆಯಲ್ಲ, ಒಂದೇ. ಮುಗಿಯುವ ಪ್ರತಿ ದಶಮಾಂಶಕ್ಕೂ ಹೀಗೆ 9ಗಳ ಬಾಲವಿರುವ ಎರಡನೆಯ ಬರಹ ಇದೆ: 0.4 ಎಂದರೂ 0.3999… ಎಂದರೂ ಸಂಖ್ಯೆ ಒಂದೇ.

ಈ ಎರಡು ದಿಕ್ಕುಗಳನ್ನು ಸೇರಿಸಿದರೆ ನಿಮ್ಮ ಮುಖ್ಯ ಪ್ರಶ್ನೆಗೆ ದಾರಿ ತೆರೆಯುತ್ತದೆ. √2ರಲ್ಲಿ ಕೋಟಿ ಅಂಕಿಗಳ ನಂತರ ಆವರ್ತ ಆರಂಭವಾಗಿದ್ದರೂ ಸಾಕಿತ್ತು, ಅದು ಭಿನ್ನರಾಶಿಯಾಗಿಬಿಡುತ್ತಿತ್ತು. ಆದ್ದರಿಂದ ಅಂಕಿಗಳನ್ನು ಎಣಿಸುತ್ತಾ ಕೂರಬೇಕಾಗಿಲ್ಲ. ಅದು ಭಿನ್ನರಾಶಿಯಲ್ಲ ಎಂದು ಒಮ್ಮೆ ತೋರಿಸಿದರೆ ಅನಂತ ಅಂಕಿಗಳ ಬಗ್ಗೆಯೂ ಒಂದೇ ಏಟಿಗೆ ತೀರ್ಪು ಸಿಗುತ್ತದೆ. √2 ಒಂದು ಭಿನ್ನರಾಶಿ ಎಂದುಕೊಳ್ಳೋಣ. ಆಗ ಅಂಶದ ವರ್ಗವು ಛೇದದ ವರ್ಗದ ಎರಡು ಪಟ್ಟಾಗಿರಬೇಕು. ಯಾವುದೇ ಪೂರ್ಣಸಂಖ್ಯೆಯ ವರ್ಗವನ್ನು ಅವಿಭಾಜ್ಯಗಳಾಗಿ ಬಿಡಿಸಿದರೆ ಅದರಲ್ಲಿ 2 ಬರುವುದು ಸಮಸಂಖ್ಯೆಯ ಸಲ, ಏಕೆಂದರೆ ವರ್ಗದಲ್ಲಿ ಎಲ್ಲವೂ ಜೋಡಿಯಾಗಿಯೇ ಇರುತ್ತವೆ. ಅಂಶದ ವರ್ಗದಲ್ಲಿ 2ಗಳು ಸಮ. ಛೇದದ ವರ್ಗದಲ್ಲೂ ಸಮ, ಆದರೆ ಅದಕ್ಕೆ ಇನ್ನೊಂದು 2 ಸೇರಿ ಬೆಸವಾಯಿತು. ಸಮ ಮತ್ತು ಬೆಸ ಒಂದಾಗಲು ಸಾಧ್ಯವಿಲ್ಲ. ಇಷ್ಟೇ. 3, 5, 6, 7 ಹೀಗೆ ಪೂರ್ಣವರ್ಗವಲ್ಲದ ಯಾವ ಪೂರ್ಣಸಂಖ್ಯೆಯ ವರ್ಗಮೂಲಕ್ಕೂ ಇದೇ ವಾದ ನಡೆಯುತ್ತದೆ.

ಇಲ್ಲಿ ಶುಲ್ಬಸೂತ್ರಗಳ, ಅಂದರೆ ಯಜ್ಞವೇದಿಕೆಗಳ ಅಳತೆ ಹೇಳುವ ಪ್ರಾಚೀನ ಭಾರತೀಯ ಗ್ರಂಥಗಳ, ಒಂದು ಲೆಕ್ಕವನ್ನು ನೆನಪಿಸಿಕೊಳ್ಳಲೇಬೇಕು. ವರ್ಗದ ಕರ್ಣಕ್ಕೆ ಅವು ಕೊಡುವ ಬೆಲೆ: 1ಕ್ಕೆ ಅದರ ಮೂರನೆಯ ಒಂದು ಭಾಗ, ಆ ಭಾಗದ ನಾಲ್ಕನೆಯ ಒಂದು ಭಾಗ ಸೇರಿಸಿ, ಕೊನೆಯದರ ಮೂವತ್ತನಾಲ್ಕನೆಯ ಒಂದು ಭಾಗವನ್ನು ಕಳೆಯುವುದು. ಕೂಡಿ ನೋಡಿದರೆ 577/408. ದಶಮಾಂಶದಲ್ಲಿ 1.4142156…, √2 ಎಂದರೆ 1.4142135… ಐದು ಸ್ಥಾನಗಳವರೆಗೆ ಒಂದೇ. 577ರ ವರ್ಗ 332929. 408ರ ವರ್ಗದ ಎರಡು ಪಟ್ಟು 332928. ಕೇವಲ ಒಂದರ ಅಂತರ! ಆ ಒಂದು ಎಂದಿಗೂ ಸೊನ್ನೆಯಾಗದು ಎಂಬುದೇ √2ರ ಅಭಾಗಲಬ್ಧತೆ. 577/408 ಮಾತ್ರ ಭಿನ್ನರಾಶಿಯ ಧರ್ಮದಂತೆ ಮೂರು ಸ್ಥಾನಗಳಾದ ಮೇಲೆ 2156862745098039 ಎಂಬ ಹದಿನಾರು ಅಂಕಿಗಳನ್ನು ಸುತ್ತುತ್ತಾ ಹೋಗುತ್ತದೆ. 408ರೊಳಗೆ 17 ಅಡಗಿದೆ ನೋಡಿ.

ಪೈ ಕಥೆಯೂ ಇಂಥದ್ದೇ. 22/7 ಪೈ ಅಲ್ಲ, ಪೈಗೆ ಹತ್ತಿರದ ಭಿನ್ನರಾಶಿ. 22/7 ಎಂದರೆ 3.142857142857…, ಪೈ 3.14159265… ಮೂರನೆಯ ದಶಮಾಂಶ ಸ್ಥಾನದಲ್ಲೇ ದಾರಿಗಳು ಬೇರೆಯಾದವು. ಐದನೆಯ ಶತಮಾನದ ಚೀನಾದ ಜು ಚೊಂಗ್‌ಜ್ ಕೊಟ್ಟ 355/113 ಆರು ಸ್ಥಾನಗಳವರೆಗೆ ಸರಿಹೊಂದುತ್ತದೆ. ಆರ್ಯಭಟ ಕ್ರಿ.ಶ. 499ರಲ್ಲಿ 20000 ವ್ಯಾಸಕ್ಕೆ 62832 ಪರಿಧಿ ಎಂದು ಹೇಳಿದರು, ಅಂದರೆ 3.1416, ಇದು ಸಮೀಪದ ಬೆಲೆ ಎಂಬುದನ್ನೂ ಅಲ್ಲೇ ಹೇಳಿದರು. ಸಮೀಪದ ಬೆಲೆಯನ್ನಷ್ಟೇ ಕೊಟ್ಟದ್ದೇಕೆ ಎಂಬುದಕ್ಕೆ ಸಾವಿರ ವರ್ಷಗಳ ಬಳಿಕ ನೀಲಕಂಠ ಸೋಮಯಾಜಿ ತಮ್ಮ ಭಾಷ್ಯದಲ್ಲಿ ಕೊಟ್ಟ ವಿವರಣೆ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ: ಯಾವ ಅಳತೆಯಿಂದ ವ್ಯಾಸವನ್ನು ಶೇಷವಿಲ್ಲದೆ ಅಳೆಯಬಹುದೋ ಅದೇ ಅಳತೆಯಿಂದ ಪರಿಧಿಯನ್ನು ಅಳೆದರೆ ಶೇಷ ಉಳಿಯುತ್ತದೆ, ಅಳತೆಯನ್ನು ಎಷ್ಟು ಚಿಕ್ಕದು ಮಾಡಿದರೂ ಶೇಷ ಚಿಕ್ಕದಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಇದರ ಪೂರ್ಣ ಸಾಧನೆ ಬಂದದ್ದು 1761ರಲ್ಲಿ, ಯೋಹಾನ್ ಲ್ಯಾಂಬರ್ಟ್ ಅವರಿಂದ. 2022ರ ಹೊತ್ತಿಗೆ ಪೈಯ ನೂರು ಲಕ್ಷ ಕೋಟಿ ಅಂಕಿಗಳನ್ನು ಕಂಪ್ಯೂಟರ್‌ಗಳು ಲೆಕ್ಕ ಹಾಕಿದ್ದವು. ಅಷ್ಟು ಅಂಕಿಗಳಲ್ಲಿ ಆವರ್ತ ಕಾಣದಿರುವುದು ಲ್ಯಾಂಬರ್ಟ್ ಅವರ ಸಾಧನೆಗೆ ಕೂದಲೆಳೆಯಷ್ಟು ಬಲವನ್ನೂ ಸೇರಿಸುವುದಿಲ್ಲ. ಅದಕ್ಕೆ ಆ ಬಲದ ಅಗತ್ಯವೇ ಇಲ್ಲ.

‘ಇ’ಗೆ ಆಯ್ಲರ್ 1737ರಲ್ಲೇ ಸಾಧನೆ ಕೊಟ್ಟರು. ಮುಂದೆ ಫೂರಿಯರ್ ಕಂಡುಕೊಂಡ ಇನ್ನೊಂದು ದಾರಿ ಎಷ್ಟು ಸರಳವೆಂದರೆ ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ‘ಇ’ ಎಂದರೆ 1 + 1 + 1/2 + 1/6 + 1/24 + 1/120 + 1/720 … ಎಂಬ ಮೊತ್ತ. ಛೇದಗಳು 1, 1×2, 1×2×3 ಹೀಗೆ ಬೆಳೆಯುತ್ತವೆ. ‘ಇ’ಯನ್ನು 5 ಛೇದವಿರುವ ಭಿನ್ನರಾಶಿಯಾಗಿ ಬರೆಯಬಹುದೇ ಎಂದು ಕೇಳಿಕೊಳ್ಳಿ. ಬರೆಯಬಹುದಾಗಿದ್ದರೆ ಅದರ 120 ಪಟ್ಟು ಪೂರ್ಣಸಂಖ್ಯೆಯಾಗಬೇಕಿತ್ತು. ಆದರೆ 120ರಿಂದ ಗುಣಿಸಿದರೆ ಮೊದಲ ಆರು ಪದಗಳು 120 + 120 + 60 + 20 + 5 + 1, ಒಟ್ಟು 326; ಉಳಿದವು 1/6 + 1/42 + … ಅವೆಲ್ಲ ಸೇರಿದರೂ 1/5ನ್ನು ಮುಟ್ಟುವುದಿಲ್ಲ. ಅಂದರೆ 326 ದಾಟಿದೆ, 327 ತಲುಪಿಲ್ಲ. ಪೂರ್ಣಸಂಖ್ಯೆಯಾಗಲು ಸಾಧ್ಯವೇ ಇಲ್ಲ. 5ರ ಜಾಗದಲ್ಲಿ 50 ಇಡಿ, 5 ಕೋಟಿ ಇಡಿ, ಗುಣಿಸುವ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಬೆಳೆಸಿ. ಉಳಿಕೆ ಪ್ರತಿ ಸಲವೂ ಸೊನ್ನೆಗಿಂತ ದೊಡ್ಡದು, ಒಂದಕ್ಕಿಂತ ಚಿಕ್ಕದು. ಯಾವ ಛೇದವೂ ಒಗ್ಗುವುದಿಲ್ಲ. ಎರಡು ಸಲ ಬಂದ 1828 ಬರಿಯ ಕಾಕತಾಳೀಯ.

ಆವರ್ತವಿಲ್ಲವೆಂದರೆ ಅಂಕಿಗಳಲ್ಲಿ ಯಾವ ಕ್ರಮವೂ ಇರಬಾರದು ಎಂದು ಕೆಲವರು ತಿಳಿಯುತ್ತಾರೆ. ಅದು ತಪ್ಪು. 0.101001000100001… ಎಂಬಲ್ಲಿ ಕ್ರಮ ಮಗುವಿಗೂ ಕಾಣುತ್ತದೆ: ಪ್ರತಿ 1ರ ನಂತರ ಸೊನ್ನೆಗಳು ಒಂದೊಂದಾಗಿ ಹೆಚ್ಚುತ್ತವೆ. ಆದರೂ ಇದು ಅಭಾಗಲಬ್ಧ. ಆವರ್ತದ ಉದ್ದ ಸಾವಿರವಿದೆ ಎಂದು ಯಾರಾದರೂ ವಾದಿಸಿದರೆ, ಮುಂದೆ ಸಾವಿರಕ್ಕಿಂತ ಉದ್ದದ ಸೊನ್ನೆಗಳ ಸಾಲುಗಳು ಬರುತ್ತವೆ ಎಂದು ತೋರಿಸಿ. ಅಲ್ಲಿ ಒಂದು ಇಡೀ ಆವರ್ತ ಸೊನ್ನೆಗಳಿಂದಲೇ ತುಂಬಿಹೋಗುತ್ತದೆ, ಹಾಗಿದ್ದರೆ ಆಮೇಲೆ 1 ಬರಲೇಬಾರದು. ಆದರೆ ಬರುತ್ತದೆ. 1, 2, 3ರಿಂದ ಹಿಡಿದು ಎಣಿಕೆಯ ಸಂಖ್ಯೆಗಳನ್ನೆಲ್ಲ ಒತ್ತಾಗಿ ಬರೆದ 0.123456789101112… ಕೂಡ ಹೀಗೆಯೇ ಅಭಾಗಲಬ್ಧ. ಕ್ರಮ ಬೇರೆ, ಆವರ್ತ ಬೇರೆ. ಆವರ್ತವೆಂದರೆ ಅದೇ ಗುಂಪು, ಅದೇ ಉದ್ದ, ಒಂದು ಜಾಗದಿಂದ ಮುಂದೆ ಎಡೆಬಿಡದೆ.

ಮುಗಿಯುವುದು ಮತ್ತು ಸುತ್ತುವುದು ಇವುಗಳ ನಡುವಿನ ವ್ಯತ್ಯಾಸ ಅಷ್ಟೊಂದು ಆಳದ್ದಲ್ಲ. ಅದು ನಾವು ಹತ್ತರ ಆಧಾರದಲ್ಲಿ ಬರೆಯುವುದರಿಂದ ಬಂದದ್ದು. ಕಂಪ್ಯೂಟರ್ ಎರಡರ ಆಧಾರದಲ್ಲಿ ಬರೆಯುತ್ತದೆ. ಅಲ್ಲಿ 5ಕ್ಕೆ ಜಾಗವಿಲ್ಲದ ಕಾರಣ ನಮ್ಮ 0.1 ಮುಗಿಯದೆ ಸುತ್ತುತ್ತದೆ, ಅದನ್ನು ಎಲ್ಲೋ ಕತ್ತರಿಸಬೇಕಾಗುತ್ತದೆ. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಎಂಬ ಉತ್ತರ ಬರುವುದು ಇದರಿಂದಲೇ. ಆದರೆ ಭಿನ್ನರಾಶಿ ಯಾವ ಆಧಾರದಲ್ಲಿ ಬರೆದರೂ ಮುಗಿಯುತ್ತದೆ ಅಥವಾ ಸುತ್ತುತ್ತದೆ, √2 ಯಾವ ಆಧಾರದಲ್ಲೂ ಎರಡನ್ನೂ ಮಾಡುವುದಿಲ್ಲ. ಶೇಷಗಳ ವಾದ ಯಾವ ಆಧಾರಕ್ಕೂ ಹೊಂದುತ್ತದೆ.

ಅಂಕಿಗಳು ಕೈಯಲ್ಲಿದ್ದೂ ಸಾಧನೆ ಇಲ್ಲದ ಸಂಖ್ಯೆಗಳೂ ಇವೆ. 1 + 1/2 + 1/3 + … ಎಂಬ ಮೊತ್ತವನ್ನು ಒಂದು ಸಂಖ್ಯೆಯವರೆಗೆ ಕೂಡಿ, ಅದರಿಂದ ಆ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ (‘ಇ’ಯ ಯಾವ ಘಾತ ಆ ಸಂಖ್ಯೆಯಾಗುತ್ತದೋ ಅದು) ಕಳೆಯುತ್ತಾ ಹೋದರೆ 0.5772156649… ಎಂಬ ಬೆಲೆಯ ಕಡೆಗೆ ಸಾಗುತ್ತೇವೆ. ಇದಕ್ಕೆ ಗ್ಯಾಮಾ ಎಂದು ಹೆಸರು. ಇದರ ಸಾವಿರಾರು ಕೋಟಿ ಅಂಕಿಗಳು ಗೊತ್ತಿವೆ. ಇದು ಭಿನ್ನರಾಶಿಯೇ ಆಗಿದ್ದರೆ ಅದರ ಛೇದದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಅಂಕಿಗಳಿರಬೇಕು ಎಂದೂ ಗೊತ್ತಿದೆ. ಭಿನ್ನರಾಶಿ ಹೌದೋ ಅಲ್ಲವೋ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಪೈ ಮತ್ತು ‘ಇ’ ಎರಡನ್ನೂ ಕೂಡಿದಾಗ ಬರುವ 5.8598…ರ ಸ್ಥಿತಿಯೂ ಅದೇ. ಪೂರ್ಣಸಂಖ್ಯೆಗಳ ಘನಗಳ ವ್ಯುತ್ಕ್ರಮಗಳನ್ನು, ಅಂದರೆ 1 + 1/8 + 1/27 + 1/64 ಎಂದು, ಕೂಡುತ್ತಾ ಹೋದರೆ ಬರುವ 1.2020569… ಆಯ್ಲರ್ ಕಾಲದಿಂದಲೂ ಹೀಗೇ ಬಗೆಹರಿಯದೆ ಉಳಿದಿತ್ತು. ಅದು ಅಭಾಗಲಬ್ಧವೆಂದು 1978ರಲ್ಲಿ ಫ್ರಾನ್ಸಿನ ರೋಜರ್ ಅಪೆರಿ ಸಾಧಿಸಿದಾಗ ಅವರ ವಯಸ್ಸು ಅರವತ್ತು ದಾಟಿತ್ತು. ಘನಗಳ ಬದಲು ಐದನೆಯ ಘಾತಗಳನ್ನು ಇಟ್ಟರೆ ಬರುವ ಮೊತ್ತದ ಪ್ರಶ್ನೆ ಇನ್ನೂ ಹಾಗೆಯೇ ತೆರೆದಿದೆ.